ಸಾವಿರದಲ್ಲಿ ಮೂವರು: ಆ ಲೆಕ್ಕ ತಪ್ಪಿದ್ದೆಲ್ಲಿ?

ಓದುಗರ ಪತ್ರ: ಅಮೆರಿಕದ ನೌಕಾ ಹಡಗುಕಟ್ಟೆಗಳಲ್ಲಿ ಎಲೆಕ್ಟ್ರಿಷಿಯನ್, ವೆಲ್ಡರ್‌ಗಳೂ ಕಲ್ನಾರಿನ (ಆಸ್ಬೆಸ್ಟಾಸ್) ಧೂಳಿನಿಂದ ಕಾಯಿಲೆ ಬಿದ್ದರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಆದರೆ ಪೈಪಿಗೆ ಕಲ್ನಾರು ಹೊದಿಸುವವರನ್ನೇ ಪರೀಕ್ಷಿಸಿದ 1946ರ ವರದಿಯಲ್ಲಿ ಸಾವಿರಕ್ಕೂ ಹೆಚ್ಚು ಜನರಲ್ಲಿ ಮೂವರಿಗಷ್ಟೇ ಕಾಯಿಲೆ ಇತ್ತು. ದಿನವೂ ಮುಟ್ಟುವವರಿಗೇ ಇಷ್ಟು ಕಡಿಮೆ ಎಂದಮೇಲೆ ಮುಟ್ಟದವರಿಗೆ ಬಂದದ್ದು ಹೇಗೆ? ಇದು ಉತ್ಪ್ರೇಕ್ಷೆಯಲ್ಲವೇ?

ಸಂಪಾದಕರ ಉತ್ತರ: ನೀವು ಕೊಟ್ಟ ಅಂಕಿ ಸರಿ. ಪರೀಕ್ಷೆಗೆ ಒಳಗಾದವರು 1,074 ಜನ, ಕಲ್ನಾರಿನ ಧೂಳಿನಿಂದ ಶ್ವಾಸಕೋಶ ಗಡುಸಾಗುವ ಕಾಯಿಲೆ ಆಸ್ಬೆಸ್ಟೋಸಿಸ್ ಕಂಡದ್ದು 3 ಜನರಲ್ಲಿ. ಇದು ಅಪಾಯದ ಕಸುಬಲ್ಲ ಎಂದೇ ವರದಿ ಷರಾ ಬರೆಯಿತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ. ಆ ಕೆಲಸಗಾರರಲ್ಲಿ ಶೇ. 95ರಷ್ಟು ಜನ ಕಸುಬಿಗೆ ಬಂದು ಹತ್ತು ವರ್ಷವೂ ಆಗಿರಲಿಲ್ಲ. ಕಾಯಿಲೆ ಕಂಡ ಮೂವರೂ ಇಪ್ಪತ್ತು ವರ್ಷ ದಾಟಿದವರು. ನಾಟಿ ಮಾಡಿದ ಮರುವಾರ ಗದ್ದೆಗೆ ಹೋಗಿ, ತೆನೆ ಕಾಣಲಿಲ್ಲ, ಬೆಳೆ ಬರುವುದಿಲ್ಲ ಎಂದು ಬರೆದುಕೊಂಡು ಬಂದ ಹಾಗಾಯಿತು ಇದು.

ಆಸ್ಬೆಸ್ಟೋಸಿಸ್ ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಬೇಕು. ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್ ಮೀಸೊಥೀಲಿಯೋಮಕ್ಕೆ ಬಹುತೇಕ ಮೂವತ್ತು ನಾಲ್ವತ್ತು ವರ್ಷ ಹಿಡಿಯುತ್ತದೆ. ಅದಕ್ಕೂ ಕಲ್ನಾರಿಗೂ ನಂಟಿದೆ ಎಂದು ರೋಗಶಾಸ್ತ್ರಜ್ಞ ವ್ಯಾಗ್ನರ್ ತಂಡ ದಕ್ಷಿಣ ಆಫ್ರಿಕಾದ ನೀಲಿ ಕಲ್ನಾರಿನ ಗಣಿ ಪ್ರದೇಶದಿಂದ ವರದಿ ಮಾಡಿದ್ದು 1960ರಲ್ಲಿ. 1946ರವರು ಅದನ್ನು ಹುಡುಕುವ ಪ್ರಶ್ನೆಯೇ ಇರಲಿಲ್ಲ. ಅವರನ್ನು ದೂರುವುದಕ್ಕಿಂತ, ಆ ವರದಿಯನ್ನು ಆಮೇಲೆ ವರ್ಷಗಟ್ಟಲೆ ಗುರಾಣಿಯಾಗಿ ಹಿಡಿದವರನ್ನು ದೂರಬೇಕು.

ಇನ್ನು 'ಮುಟ್ಟದವರು' ಎಂಬ ಮಾತು. ಯುದ್ಧನೌಕೆಯ ಬಾಯ್ಲರ್ ಕೋಣೆಯೊಳಗೆ ಇಣುಕಿ ನೋಡಿ. ಎರಡನೇ ಮಹಾಯುದ್ಧದ ಕಾಲದ ಡೆಸ್ಟ್ರಾಯರ್‌ಗಳಲ್ಲಿ ಹಬೆಯ ಒತ್ತಡ ಚದರ ಇಂಚಿಗೆ 600 ಪೌಂಡ್, ಬಿಸಿ ಸುಮಾರು 450 ಡಿಗ್ರಿ ಸೆಲ್ಸಿಯಸ್. ಇಂಥ ಪೈಪಿಗೆ ಮೊದಲು ಅರೆಗೊಳವೆಯಾಕಾರದ ಹೊದಿಕೆ ಅಚ್ಚುಗಳನ್ನು ಎರಡೂ ಕಡೆಯಿಂದ ಕೂರಿಸಿ ತಂತಿಯಲ್ಲಿ ಬಿಗಿಯುತ್ತಿದ್ದರು. ವಾಲ್ವ್, ಮೊಣಕೈ ತಿರುವುಗಳಿಗೆ ಅಚ್ಚು ಹೊಂದದು, ಅದಕ್ಕೆ ಗರಗಸದಲ್ಲಿ ಕೊಯ್ದ ತುಂಡುಗಳು. ಸಂದುಗಳಿಗೆ ಕಲ್ನಾರಿನ ಗಾರೆ; ಚೀಲ ಹರಿದು ಒಣ ಪುಡಿಯನ್ನು ತೊಟ್ಟಿಗೆ ಸುರಿದು ನೀರು ಬೆರೆಸಿದರೆ ಅದು ತಯಾರು. ಎಲ್ಲದರ ಮೇಲೆ ಕಲ್ನಾರಿನ ಬಟ್ಟೆ. '85 ಶೇಕಡಾ ಮೆಗ್ನೀಸಿಯಾ' ಎಂದು ಮಾರುತ್ತಿದ್ದ ಅಚ್ಚಿನಲ್ಲೂ ಉಳಿದ 15 ಪಾಲು ಕಲ್ನಾರೇ.

ಇದಿಷ್ಟೂ ನಡೆಯುವಾಗ ಅದೇ ಕೋಣೆಯಲ್ಲಿ ಎಲೆಕ್ಟ್ರಿಷಿಯನ್ ಕೇಬಲ್ ಎಳೆಯುತ್ತಿದ್ದ, ವೆಲ್ಡರ್ ಬ್ರಾಕೆಟ್ ಕೂಡಿಸುತ್ತಿದ್ದ, ಬಣ್ಣದವನು ಕೆರೆಯುತ್ತಿದ್ದ. ಕಲ್ನಾರಿನ ಸೂಕ್ಷ್ಮ ಎಳೆಗಳು ಅಲುಗಾಡದ ಗಾಳಿಯಲ್ಲೂ ಗಂಟೆಗಟ್ಟಲೆ ತೇಲುತ್ತವೆ, ಕೆಳಗೆ ಕೂತದ್ದನ್ನು ಪೊರಕೆ ಮತ್ತೆ ಮೇಲೆಬ್ಬಿಸುತ್ತದೆ. ಅಲ್ಲದೆ ಅವರು ಮುಟ್ಟಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ವೆಲ್ಡರ್ ಕಿಡಿ ತಡೆಯಲು ಹೊದಿಸುತ್ತಿದ್ದದ್ದು ಕಲ್ನಾರಿನ ಬಟ್ಟೆ. ಕೆಲವು ಕೇಬಲ್‌ಗಳ ಹೊದಿಕೆಯಲ್ಲೂ ಅದೇ ಇತ್ತು. ಫಿಟ್ಟರ್ ವೈರ್ ಬ್ರಶ್ ಹಿಡಿದು ಫ್ಲ್ಯಾಂಜಿನಿಂದ (ಪೈಪು ಕೂಡಿಸುವ ಅಂಚುಬಿಲ್ಲೆ) ಉಜ್ಜಿ ತೆಗೆಯುತ್ತಿದ್ದ ಹಳೇ ಗ್ಯಾಸ್ಕೆಟ್ಟೂ (ಸೋರಿಕೆ ತಡೆಯುವ ಪದರ) ಕಲ್ನಾರಿನದೇ.

ಹೊಸದಾಗಿ ಕಟ್ಟುವುದಕ್ಕಿಂತ ದುರಸ್ತಿಗೆ ಕಿತ್ತುಹಾಕುವುದು ಹೆಚ್ಚು ಕೆಟ್ಟದ್ದು. ವರ್ಷಗಟ್ಟಲೆ ಕಾದ ಹೊದಿಕೆ ಸುತ್ತಿಗೆ ಏಟಿಗೆ ಹಿಟ್ಟಾಗಿ ಉದುರುತ್ತದೆ. ಬ್ರಿಟನ್ನಿನ ಡೆವನ್‌ಪೋರ್ಟ್ ನೌಕಾ ಕಟ್ಟೆಯಲ್ಲಿ ಡಾ. ಹ್ಯಾರೀಸ್ 1968ರಲ್ಲಿ ತೋರಿಸಿಕೊಟ್ಟಂತೆ, ಮೀಸೊಥೀಲಿಯೋಮ ಬಂದವರಲ್ಲಿ ಹೊದಿಕೆ ಕೆಲಸದವರಲ್ಲದವರೂ ಇದ್ದರು. 1965ರ ಲಂಡನ್ ಅಧ್ಯಯನದಲ್ಲಿ, ಕೆಲಸಗಾರರ ಬಟ್ಟೆ ಒಗೆದ ಮನೆಯವರಲ್ಲೂ ಅದು ಕಂಡಿತ್ತು.

ಆದ್ದರಿಂದ 'ನಿಮ್ಮ ಕಸುಬೇನು' ಎಂದು ಕೇಳಿ ನಿಲ್ಲಿಸುವ ವೈದ್ಯರು ಅರ್ಧ ಪ್ರಶ್ನೆಯನ್ನಷ್ಟೇ ಕೇಳಿದಂತೆ. ಯಾವ ಕೋಣೆಯಲ್ಲಿ, ಪಕ್ಕದಲ್ಲಿ ಯಾರು ಏನು ಮಾಡುತ್ತಿದ್ದರು ಎಂಬುದು ಉಳಿದರ್ಧ.

ಅಮೆರಿಕದ ಹಡಗುಕಟ್ಟೆಗಳಿಗೆ ಈಗಿರುವ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿಗೆ 0.1 ಎಳೆ. ಚಿಕ್ಕ ಸಂಖ್ಯೆ ಎನ್ನಿಸುತ್ತದೆ. ಆದರೆ ಒಂದು ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಉಸಿರಾಡುವವನ ಒಳಗೆ ಇದೇ ಮಿತಿಯಲ್ಲೂ ಹತ್ತು ಲಕ್ಷ ಎಳೆ ಹೋಗುತ್ತದೆ. 1972ರ ಮಿತಿ ಇದರ ಐವತ್ತು ಪಟ್ಟು ಇತ್ತು.

ಹಳೇ ಹಡಗಿನ ಪೈಪಿನಿಂದ ಇಂದು ಹೊದಿಕೆ ತೆಗೆಯುವಾಗ ಗ್ಲೋವ್ ಬ್ಯಾಗ್ ಬಳಸುತ್ತಾರೆ. ಕೈಗವಸು ಕೂಡಿಸಿದ 6 ಮಿಲ್ (ಸುಮಾರು 0.15 ಮಿ.ಮೀ.) ದಪ್ಪದ ಪ್ಲಾಸ್ಟಿಕ್ ಚೀಲವನ್ನು ಪೈಪಿನ ಸುತ್ತ ಟೇಪಿನಿಂದ ಬಂದ್ ಮಾಡಿ, ಒಳಗೆ ಹೊಗೆ ಬಿಟ್ಟು ಸೋರಿಕೆ ನೋಡಬೇಕು. ಬಹಳ ಕಡೆ ಬಿಟ್ಟುಬಿಡುವ ಹೆಜ್ಜೆ ಇದೇ. ಆಮೇಲೆ ನೆನೆಸುವುದು. ಬರೀ ನೀರು ಕಂದು ಕಲ್ನಾರಿಗೆ ಸರಿಯಾಗಿ ಇಳಿಯದೆ ಜಾರಿಹೋಗುತ್ತದೆ. ಸೋಪಿನ ಗುಣದ ದ್ರಾವಣ ಬೆರೆಸಿ ನೆನೆಯಲು ಸಮಯ ಕೊಡಬೇಕು. ಮೇಲ್ಪದರ ಒದ್ದೆಯಾಯಿತೆಂದು ಕೊಯ್ದರೆ ಒಳಗಿನ ಒಣ ಪುಡಿ ಹಾರುತ್ತದೆ. ಕಿತ್ತದ್ದನ್ನು ಚೀಲದ ತಳಕ್ಕಿಳಿಸಿ, ಪೈಪನ್ನು ಒರೆಸಿ, ಉಳಿದ ಹೊದಿಕೆಯ ಕೊಯ್ದ ತುದಿಗಳನ್ನು ಮುಚ್ಚಿ, ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಶೋಧಕದ ವ್ಯಾಕ್ಯೂಮಿನಿಂದ ಚೀಲದ ಗಾಳಿ ಎಳೆದು, ತಿರುಚಿ ಕಟ್ಟಬೇಕು. ಬಟ್ಟೆಯ ಮಾಸ್ಕ್ ಯಾವ ಲೆಕ್ಕಕ್ಕೂ ಇಲ್ಲ. ಸೂಕ್ಷ್ಮ ಧೂಳು ತಡೆಯುವ ಪಿ-100 ಶೋಧಕದ, ಸರಿಯಾಗಿ ಕೂತ ಅರೆಮುಖ ಮಾಸ್ಕ್ ಕೂಡ ಧೂಳನ್ನು ಹತ್ತರಲ್ಲೊಂದಕ್ಕೆ ಇಳಿಸುತ್ತದೆ ಅಷ್ಟೆ, ಅದೂ ಗಡ್ಡ ಬೋಳಿಸಿದ್ದರೆ.

ಹಿಂದೆ ಅಲ್ಲಿ ದುಡಿದವರಿಗೆ: ಎದೆಯ ಎಕ್ಸ್‌ರೇ, ಸ್ಪೈರೋಮೆಟ್ರಿ (ಉಸಿರಿನ ಸಾಮರ್ಥ್ಯ ಅಳೆಯುವ ಪರೀಕ್ಷೆ), ಶಂಕೆಯಿದ್ದರೆ ಸಿ.ಟಿ. ಹೊರಪೊರೆಯ ಮೇಲೆ ಗಟ್ಟಿ ಮಚ್ಚೆಗಳು ಕಂಡರೆ ಅದು ಧೂಳು ಕುಡಿದ ಗುರುತು. ಮಚ್ಚೆಯೇ ಕ್ಯಾನ್ಸರ್ ಆಗಿ ಮಾರ್ಪಡುವುದಿಲ್ಲ. ಬೀಡಿ ಸಿಗರೇಟು ಬಿಡಲೇಬೇಕು. 1979ರ ಪ್ರಸಿದ್ಧ ಅಧ್ಯಯನವೊಂದರಲ್ಲಿ, ಎರಡೂ ಇಲ್ಲದವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರ್ ಸಾವು ಕಲ್ನಾರು ಕೆಲಸವೊಂದೇ ಇದ್ದವರಲ್ಲಿ ಸುಮಾರು 5 ಪಟ್ಟು, ಸಿಗರೇಟೊಂದೇ ಇದ್ದವರಲ್ಲಿ 11 ಪಟ್ಟು, ಎರಡೂ ಇದ್ದವರಲ್ಲಿ 50 ಪಟ್ಟು ದಾಟಿತ್ತು.

ಅಮೆರಿಕದ ಪರಿಹಾರದ ಕಾನೂನು ಕೂಡ ಕಾಯಿಲೆಯ ಈ ನಿಧಾನವನ್ನು ಒಪ್ಪುತ್ತದೆ. ಸರ್ಕಾರಿ ನೌಕಾ ಕಟ್ಟೆಯವರಿಗೆ ಫೆಡರಲ್ ನೌಕರರ ಪರಿಹಾರ ಕಾಯ್ದೆ, ಖಾಸಗಿ ಕಟ್ಟೆಯವರಿಗೆ ಬಂದರು ಕಾರ್ಮಿಕರ ಕಾಯ್ದೆ. ಎರಡರಲ್ಲೂ ಗಡುವು ಎಣಿಕೆಯಾಗುವುದು ಧೂಳು ಕುಡಿದ ದಿನದಿಂದಲ್ಲ, ಕಾಯಿಲೆಗೂ ಕೆಲಸಕ್ಕೂ ನಂಟಿದೆಯೆಂದು ತಿಳಿದ ದಿನದಿಂದ. ಹಾಗಾಗಿ ಹಡಗಿನ ಹೆಸರು, ಇಸವಿ, ಕೋಣೆ, ಜೊತೆಗಿದ್ದವರ ಕಸುಬು ಇವನ್ನು ನೆನಪಿರುವಾಗಲೇ ಬರೆದಿಟ್ಟು ವೈದ್ಯರ ಕೈಗೂ ಒಂದು ಪ್ರತಿ ಕೊಡುವುದು ಒಳ್ಳೆಯದು.