ಜೋರಾಗಿ ಬೀಸಿದರೂ ಚೆಂಡು ದೂರ ಹೋಗುವುದಿಲ್ಲ, ಯಾಕೆ?

(ಉತ್ತರಗಳು ಬಲಗೈ ಆಟಗಾರರಿಗೆ. ಎಡಗೈಯವರು ಎಡ–ಬಲ ಅದಲು ಬದಲು ಮಾಡಿಕೊಳ್ಳಿ.)

ಪ್ರಶ್ನೆ: ವಯಸ್ಸು 46. ಗಾಲ್ಫ್ ಶುರುಮಾಡಿ ಎರಡು ವರ್ಷ. ಐರನ್ (ಚಪ್ಪಟೆ ಲೋಹದ ತಲೆಯ ಕ್ಲಬ್, ಅಂದರೆ ಗಾಲ್ಫ್ ಕೋಲು) ಹೊಡೆತ ಪರವಾಗಿಲ್ಲ. ಡ್ರೈವರ್ (ಅತಿ ದೂರ ಹೊಡೆಯುವ ಉದ್ದದ ಕ್ಲಬ್) ಹಿಡಿದರೆ ಮಾತ್ರ 170 ಗಜ ದಾಟುವುದಿಲ್ಲ, ಚೆಂಡು ಬಲಕ್ಕೆ ತಿರುಗಿ ಪೊದೆ ಸೇರುತ್ತದೆ. ಜೋರಾಗಿ ಬೀಸಿದಷ್ಟೂ ಇನ್ನಷ್ಟು ಬಲಕ್ಕೆ. ತೋಳಿಗೆ ವ್ಯಾಯಾಮ ಬೇಕೇ?
– ಓದುಗರು, ಸಾಗರ

ಉತ್ತರ: ತೋಳಿನ ಮಾತು ಆಮೇಲೆ. ಚೆಂಡು ಕ್ಲಬ್ಬಿನ ಮುಖದಲ್ಲಿ ಎಲ್ಲಿ ತಗುಲುತ್ತಿದೆ ಎಂದು ಮೊದಲು ನೋಡಿ. ಡ್ರೈವರ್ ಮುಖಕ್ಕೆ ಟಾಲ್ಕಂ ಪೌಡರ್ ತೆಳ್ಳಗೆ ಸವರಿ ಹತ್ತು ಚೆಂಡು ಹೊಡೆಯಿರಿ. ಪ್ರತಿ ಸಲವೂ ಗುರುತು ನೋಡಿ, ಒರೆಸಿ, ಮತ್ತೆ ಸವರಿ. (ಇದು ಅಭ್ಯಾಸಕ್ಕೆ ಮಾತ್ರ, ಪಂದ್ಯದಲ್ಲಿ ನಿಯಮ ಒಪ್ಪುವುದಿಲ್ಲ.) ನೀವು ಹೇಳಿದ ಲಕ್ಷಣಕ್ಕೆ ಗುರುತು ಹೆಚ್ಚಾಗಿ ಹೀಲ್ ಕಡೆ, ಅಂದರೆ ಶಾಫ್ಟ್ (ಕ್ಲಬ್ಬಿನ ಉದ್ದನೆಯ ದಂಡ) ಸೇರುವ ಬದಿಗೆ ಬೀಳುತ್ತದೆ.

ಲೆಕ್ಕ ಹೀಗಿದೆ. ಕ್ಲಬ್ಬಿನ ತಲೆ ಗಂಟೆಗೆ 90 ಮೈಲಿ ವೇಗದಲ್ಲಿ ಬಂದು ಚೆಂಡು ನಟ್ಟನಡುವೆ ತಗುಲಿದರೆ ಅದರ 1.45 ಪಟ್ಟು, ಸುಮಾರು 130 ಮೈಲಿ ವೇಗದಲ್ಲಿ ಚೆಂಡು ಹೊರಡುತ್ತದೆ. ಹೀಲಿಗೆ ತಗುಲಿ ಆ ಪಟ್ಟು 1.3ಕ್ಕೆ ಇಳಿದರೆ 117 ಮೈಲಿ ಅಷ್ಟೆ. ಚೆಂಡಿನ ಒಂದು ಮೈಲಿ ವೇಗಕ್ಕೆ ಸರಿಸುಮಾರು ಎರಡು ಗಜ ಎಂದರೆ 25 ಗಜ ಅಲ್ಲೇ ಹೋಯಿತು. ಇದನ್ನು ತೋಳಿನಿಂದ ತುಂಬಲು ಬೀಸುವ ವೇಗವನ್ನೇ 10 ಮೈಲಿ ಏರಿಸಬೇಕು. ನಮ್ಮ ವಯಸ್ಸಿನಲ್ಲಿ ಅದು ಸುಲಭವಲ್ಲ.

ಬಲಕ್ಕೆ ತಿರುಗುವುದು ಸ್ಲೈಸ್. ಮೇಲಿಂದ ಇಳಿಯುವಾಗ ಬಲಭುಜ ಮೊದಲು ಮುಂದೆ ನುಗ್ಗಿದರೆ ಕ್ಲಬ್ ಹೊರಗಿನಿಂದ ಒಳಕ್ಕೆ, ಸೌದೆ ಸೀಳುವ ಕೊಡಲಿಯ ಹಾಗೆ ಇಳಿಯುತ್ತದೆ. ಕ್ಲಬ್ಬಿನ ಮುಖ ಆ ದಾರಿಗಿಂತ ತೆರೆದಿರುತ್ತದೆ, ಅಂದರೆ ಬಲಕ್ಕೆ ತಿರುಗಿರುತ್ತದೆ. ಚೆಂಡಿಗೆ ಸುತ್ತು ಹೆಚ್ಚಿ, ಮೇಲಕ್ಕೆ ಉಬ್ಬಿ, ಸತ್ತಂತೆ ಬೀಳುತ್ತದೆ. ಜೋರು ಮಾಡಿದಷ್ಟೂ ಭುಜ ಇನ್ನೂ ಬೇಗ ನುಗ್ಗುವುದರಿಂದಲೇ ನಿಮಗೆ ಇನ್ನಷ್ಟು ಬಲಕ್ಕೆ ಹೋಗುತ್ತಿರುವುದು.

ನಿಲ್ಲುವ ರೀತಿಯಿಂದ ಶುರು ಮಾಡಿ. ಚೆಂಡು ಎಡ ಹಿಮ್ಮಡಿಯ ಒಳಅಂಚಿನ ನೇರಕ್ಕಿರಲಿ. ಡ್ರೈವರನ್ನು ನೆಲಕ್ಕಿಟ್ಟಾಗ ಅರ್ಧ ಚೆಂಡು ಅದರ ನೆತ್ತಿಯ ಮೇಲೆ ಕಾಣುವಷ್ಟು ಟೀ (ಚೆಂಡು ಇಡುವ ಮೊಳೆ) ಎತ್ತರವಿರಲಿ. ಬಲಭುಜ ಎಡಕ್ಕಿಂತ ತುಸು ತಗ್ಗಿರಲಿ. ಆಗಲೇ ಚೆಂಡನ್ನು ಏರುದಾರಿಯಲ್ಲಿ ಹೊಡೆಯಲು ಆಗುವುದು. ಕ್ಲಬ್ ಹಿಡಿದು ಕೆಳಗೆ ನೋಡಿದಾಗ ಎಡಗೈಯ ಎರಡರಿಂದ ಮೂರು ಗೆಣ್ಣು ನಿಮಗೆ ಕಾಣಬೇಕು. ಒಂದೇ ಕಂಡರೆ ಮುಖ ತೆರೆದುಕೊಳ್ಳುವುದು ಬಹುತೇಕ ಖಚಿತ.

ದಾರಿ ತಿದ್ದಲು ನಮ್ಮ ಕಡೆ ಅಡಿಕೆ ಹಾಳೆಗಿಂತ ಒಳ್ಳೆಯ ಸಾಧನವಿಲ್ಲ. ಚೆಂಡಿನಿಂದ ಒಂದಡಿ ಹಿಂದೆ, ನಾಲ್ಕು ಬೆರಳು ಆಚೆಗೆ ಒಣಹಾಳೆಯೊಂದನ್ನು ಮಡಿಚಿ ನಿಲ್ಲಿಸಿ. ಹೊರಗಿನಿಂದ ಬಂದರೆ ಕ್ಲಬ್ ಹಾಳೆಗೆ ಬಡಿಯುತ್ತದೆ. ಕ್ಲಬ್ಬಿಗೂ ಏಟಿಲ್ಲ, ಕೈಗೂ ಇಲ್ಲ. ಮೊದಲ ದಿನ ಅರ್ಧ ಬೀಸಿನಲ್ಲೇ ಮಾಡಿ.

ಆಮೇಲೆ ಕ್ರಮ. ಹಿಂಬೀಸಿನಲ್ಲಿ ಭುಜ ಸುಮಾರು 90 ಡಿಗ್ರಿ, ಸೊಂಟ 45 ಡಿಗ್ರಿ ತಿರುಗಲಿ. ಇಳಿಯುವಾಗ ಮೊದಲು ಎಡಪಾದ ನೆಲ ಒತ್ತಬೇಕು, ಬಳಿಕ ಸೊಂಟ, ಭುಜ, ಕೊನೆಗೆ ಕೈ. ತೋಟದಲ್ಲಿ ಕಳೆ ಕೊಚ್ಚುವ ಮಷಿನ್ ಹಿಡಿದವರನ್ನು ನೋಡಿ: ಸೊಂಟದಿಂದ ತಿರುಗುವವರು ಸಂಜೆವರೆಗೂ ದಣಿಯುವುದಿಲ್ಲ, ತೋಳಿನಿಂದ ತಳ್ಳುವವರ ಭುಜ ಅರ್ಧ ಗಂಟೆಗೆ ಸೋಲುತ್ತದೆ. ಅಭ್ಯಾಸಕ್ಕೆ ಎರಡೂ ಪಾದ ಜೋಡಿಸಿ ನಿಂತು ಹಿಂದಕ್ಕೆ ಎತ್ತಿ, ಕ್ಲಬ್ ಮೇಲಿರುವಾಗಲೇ ಎಡಪಾದವನ್ನು ಗುರಿಯತ್ತ ಒಂದು ಹೆಜ್ಜೆ ಇಟ್ಟು ಬೀಸಿ. ಚೆಂಡಿಲ್ಲದೆ ಹತ್ತು ಸಲ, ಆಮೇಲೆ ಏಳನೇ ಐರನ್ನಿನಲ್ಲಿ, ಕೊನೆಗೆ ಡ್ರೈವರ್. ಇನ್ನೊಂದು: ಡ್ರೈವರನ್ನು ತಲೆಕೆಳಗಾಗಿ ಹಿಡಿದು ಬೀಸಿ, ‘ಹುಶ್’ ಸದ್ದು ಎಲ್ಲಿ ಬರುತ್ತದೆ ಕೇಳಿ. ಬಲಕಿವಿಯ ಹತ್ತಿರವೇ ಬಂದರೆ ಮಣಿಕಟ್ಟಿನ ಶಕ್ತಿ ಮೊದಲೇ ಖರ್ಚಾಗಿದೆ. ಎಡಪಾದ ದಾಟುವ ಹೊತ್ತಿಗೆ ಬರಬೇಕು.

ದಿನಕ್ಕೆ 40 ಚೆಂಡು ಸಾಕು. ಬುಟ್ಟಿಗಟ್ಟಲೆ ಹೊಡೆದರೆ ಹಳೇ ಚಾಳಿಯೇ ಗಟ್ಟಿಯಾಗುತ್ತದೆ, ಸೊಂಟವೂ ಹಿಡಿದುಕೊಳ್ಳುತ್ತದೆ.

ಪ್ರಶ್ನೆ: ಜೂನ್ ಬಂತೆಂದರೆ ನನ್ನ ಹೊಡೆತ 20 ಗಜ ಕಡಿಮೆ. ತೇವದ ಗಾಳಿ ಭಾರವಾಗಿರುವುದೇ ಕಾರಣವೇ?
– ಓದುಗರು, ಕೊಪ್ಪ

ಉತ್ತರ: ಅಲ್ಲ. ನೀರಾವಿ ಒಣಗಾಳಿಗಿಂತ ಹಗುರ. ತಂಪಿನಿಂದ ಮೂರು ನಾಲ್ಕು ಗಜ ಹೋಗಬಹುದು. ಉಳಿದದ್ದು ನೆಲದ ಕೆಲಸ. ಬೇಸಿಗೆಯ ಗಟ್ಟಿ ಫೇರ್‌ವೇಯಲ್ಲಿ (ಸಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳದಲ್ಲಿ) ಉರುಳುತ್ತಿದ್ದ ಚೆಂಡು ಮಳೆಗಾಲದಲ್ಲಿ ಬಿದ್ದಲ್ಲೇ ಕೂರುತ್ತದೆ. ಹಾಗಾಗಿ ಗಾಳಿಯಲ್ಲೇ ಹೆಚ್ಚು ದೂರ ಹೋಗುವಂತೆ ಮಾಡಬೇಕು: ಮುಖದ ಓರೆ 9 ಡಿಗ್ರಿ ಇರುವ ಡ್ರೈವರ್ ಬದಲು 10.5 ಅಥವಾ 12 ಡಿಗ್ರಿಯದು ಬಳಸಿ ನೋಡಿ. ಗ್ರಿಪ್ (ಕ್ಲಬ್ಬಿನ ಹಿಡಿ) ಒದ್ದೆಯಾದರೆ ಗೊತ್ತಿಲ್ಲದೆ ಬಿಗಿ ಹಿಡಿಯುತ್ತೀರಿ, ಮಣಿಕಟ್ಟು ಸೆಟೆದು ವೇಗ ಸಾಯುತ್ತದೆ. ಮೂರು ಗ್ಲೌಸ್ ಇಟ್ಟುಕೊಂಡು ಕೊಡೆಯ ಕಡ್ಡಿಗೆ ಸಿಕ್ಕಿಸಿ ಒಣಗಿಸುತ್ತಿರಿ. ಪ್ರತಿ ಹೊಡೆತಕ್ಕೂ ಮೊದಲು ಕ್ಲಬ್ಬಿನ ಮುಖ ಒರೆಸಿ.

ಎತ್ತರದ ಲೆಕ್ಕ ಬೇರೆ. ಸುಮಾರು ಸಾವಿರ ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಗಾಳಿ ತೆಳು; ಅಲ್ಲಿ 200 ಗಜ ಹೊಡೆದವರು ಘಟ್ಟ ಇಳಿದು ಮಂಗಳೂರಿನಲ್ಲಿ ಆಡಿದರೆ ಆರೇಳು ಗಜ ಕಳೆದುಕೊಂಡರೆ ಗಾಬರಿಯಾಗಬೇಕಿಲ್ಲ.

ಪ್ರಶ್ನೆ: ಉದ್ದದ ಶಾಫ್ಟ್ ಹಾಕಿಸಿದರೆ ದೂರ ಹೆಚ್ಚುತ್ತದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಕ್ಲಬ್ಬಿನ ಒಟ್ಟು ಉದ್ದಕ್ಕೆ ನಿಯಮದ ಮಿತಿ 48 ಇಂಚು. ದೊಡ್ಡ ವೃತ್ತಿಪರ ಪಂದ್ಯಗಳಿಗೆ 46ಕ್ಕೆ ಇಳಿಸಿಕೊಳ್ಳಲು 2022ರಿಂದ ಅವಕಾಶವಿದೆ. ಅಂಗಡಿಯ ಡ್ರೈವರ್ ಸಾಮಾನ್ಯವಾಗಿ 45 ಇಂಚಿನ ಆಸುಪಾಸು. ಉದ್ದ ಹೆಚ್ಚಿದರೆ ವೇಗ ಬರುತ್ತದೆ, ಆದರೆ ನಡುಮುಖಕ್ಕೆ ತಾಗಿಸುವುದು ಕಷ್ಟವಾಗುತ್ತದೆ. ಹಣ ಕೊಡುವ ಮೊದಲು ಈಗಿನ ಕ್ಲಬ್ಬನ್ನೇ ಒಂದಿಂಚು ಕೆಳಗೆ ಹಿಡಿದು ಹತ್ತು ಚೆಂಡು ಹೊಡೆಯಿರಿ. ಪೌಡರ್ ಗುರುತು ನಡುವಿಗೆ ಬಂದು ದೂರವೂ ಹೆಚ್ಚಿದರೆ, ನಿಮಗೆ ಬೇಕಾದದ್ದು ಗಿಡ್ಡ ಶಾಫ್ಟ್.