ದೋಷದ ಹೆಸರು ಗೊತ್ತಿದ್ರೆ ವಾದ ಗೆದ್ದ ಹಾಗಾ?

ನಮಸ್ಕಾರ ಮೇಡಂ. ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ಉಳಿದ ಓದುಗರಿಗೂ ವಿಷ್ಯ ಗೊತ್ತಾಗ್ಲಿ ಅಂತ ನಿಮ್ಮ ಪತ್ರದ ಸಾರ ಇಲ್ಲಿ ಹೇಳ್ಬಿಡ್ತೀನಿ. ಆಫೀಸಲ್ಲಿ ನಿಮ್ಮ ಟೀಮಿಗೆ ದಿನಾ ಬೆಳಿಗ್ಗೆ ಒಂದು ಚಿಕ್ಕ ಮೀಟಿಂಗ್ ಶುರು ಮಾಡಿದ್ರಿ, ಆಮೇಲೆ ಕೆಲಸ ಟೈಮಿಗೆ ಮುಗೀತಾ ಬಂತು, ಹಾಗಾಗಿ ಎಲ್ಲಾ ಟೀಮಿಗೂ ಇದನ್ನ ಕಡ್ಡಾಯ ಮಾಡ್ಬೇಕು ಅಂತ ವಾದ ಮಂಡಿಸಿದ್ರಿ. ಒಬ್ಬ ಸಹೋದ್ಯೋಗಿ "ಮೀಟಿಂಗ್ ನಡೆಸೋರು ನೀವೇ, ಇನ್ನೇನು ಹೇಳ್ತೀರಿ ಬಿಡಿ" ಅಂದ್ರು. ಇದು ಆಡ್ ಹಾಮಿನಮ್, ವಿಷ್ಯ ಬಿಟ್ಟು ವ್ಯಕ್ತಿ ಮೇಲೆ ಹೋಗೋ ತರ್ಕದೋಷ ಅಂತ ನೀವು ಹೇಳಿದ ಮೇಲೆ ಅವರು ಸುಮ್ಮನಾದ್ರು, ಆದ್ರೆ ಯಾರೂ ನಿಮ್ಮ ಮಾತು ಒಪ್ಪಲಿಲ್ಲ. ತರ್ಕದೋಷಗಳ ಪಟ್ಟಿ ಪೂರ್ತಿ ಬಾಯಿಪಾಠ ಇದ್ರೂ ಯಾಕೆ ಹೀಗೆ, ಈ ಕ್ರಿಟಿಕಲ್ ಥಿಂಕಿಂಗ್ ಎಲ್ಲಾ ಪುಸ್ತಕಕ್ಕೆ ಮಾತ್ರಾನಾ, ಇನ್ನು ಅವರ ಹತ್ರ ವಾದ ಮಾಡೋದೇ ಬಿಟ್ಬಿಡ್ಲಾ ಅಂತ ಕೇಳಿದೀರಿ.

ಬೇಜಾರು ಮಾಡ್ಕೋಬೇಡಿ, ನೇರವಾಗೇ ಹೇಳ್ತೀನಿ. ಅವರ ಮಾತಲ್ಲಿದ್ದ ದೋಷ ಹಿಡಿದ್ರಿ, ನಿಮ್ಮ ವಾದದಲ್ಲಿದ್ದ ತೂತು ಹಾಗೇ ಉಳೀತು. ಕೂತಿದ್ದೋರಿಗೆ ಆ ತೂತು ಕಂಡಿದೆ, ಅದಕ್ಕೆ ಹೆಸರು ಗೊತ್ತಿಲ್ಲದೇ ಇರಬಹುದು ಅಷ್ಟೇ.

ಮೊದಲು ಅವರ ಮಾತನ್ನೇ ತಗೊಳ್ಳೋಣ. ಹೇಳೋರಿಗೆ ಲಾಭ ಇದೆ ಅಂದ ಮಾತ್ರಕ್ಕೆ ಹೇಳಿದ್ದು ಸುಳ್ಳಾಗಲ್ಲ, ಅದು ನಿಜ, ಅಲ್ಲೀವರೆಗೂ ನಿಮ್ಮ ಕಡೆ ನ್ಯಾಯ ಇದೆ. ಆದ್ರೆ ಕೆಲಸ ಟೈಮಿಗೆ ಮುಗೀತಿದೆ ಅನ್ನೋದಕ್ಕೆ ನೀವು ಕೊಟ್ಟ ಸಾಕ್ಷಿ ಏನು ಅಂತ ಪತ್ರ ಮತ್ತೆ ನೋಡಿದೆ, "ನನಗೇ ಕಾಣ್ತಿದೆ" ಅಂತಷ್ಟೇ ಇದೆ. ನಿಮ್ಮ ಕಣ್ಣೇ ಸಾಕ್ಷಿ ಆದಾಗ ಆ ಕಣ್ಣಿಗೆ ಏನು ಕಾಣಬೇಕು ಅಂತ ಆಸೆ ಇತ್ತು ಅನ್ನೋ ಪ್ರಶ್ನೆ ಬಂದೇ ಬರತ್ತೆ, ಕೋರ್ಟಲ್ಲಿ ಸಾಕ್ಷಿಗೂ ಕೇಳ್ತಾರೆ. ಅಂದ್ರೆ ಅವರು ಒರಟಾಗಿ ಆಡಿದ ಮಾತಿನ ಒಳಗೆ ಒಂದು ಸರಿಯಾದ ಪ್ರಶ್ನೆ ಇತ್ತು, "ನಿಮ್ಮನ್ನ ಬಿಟ್ಟು ಬೇರೆ ಯಾರಾದ್ರೂ ನೋಡಿದ್ರೂ ಇದೇ ಕಾಣತ್ತಾ?" ಅಂತ. ಎದುರಿನೋರ ಮಾತನ್ನ ಅವರು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿ, ಅವರು ಹೌದು ಅಂತ ತಲೆ ಆಡಿಸಿದ ಮೇಲೆ ಉತ್ತರ ಕೊಡಬೇಕು ಅನ್ನೋದು ಇದಕ್ಕೇ. ಒಳ್ಳೇತನಕ್ಕೆ ಮಾಡೋದಲ್ಲ ಅದು, ಹಾಗೆ ಮಾಡದೆ ಇದ್ರೆ ಅವರ ಗಟ್ಟಿ ಪಾಯಿಂಟು ನಮ್ಮ ಕೈಗೆ ಸಿಗೋದೇ ಇಲ್ಲ.

ಈಗ ನಿಮ್ಮ ವಾದ. ನಮ್ಮ ನೈಯಾಯಿಕರು, ಅಂದ್ರೆ ನ್ಯಾಯದರ್ಶನದ ತರ್ಕ ಪಂಡಿತರು, ಹಳೇ ಕಾಲದಿಂದ ಒಂದೇ ಉದಾಹರಣೆ ಇಟ್ಕೊಂಡು ತಿಕ್ಕಿದಾರೆ, ಬೆಟ್ಟದ ಮೇಲೆ ಬೆಂಕಿ ಇದೆ, ಯಾಕಂದ್ರೆ ಹೊಗೆ ಇದೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಅಂತ ಐದು ಅಂಗ ಹೇಳ್ತಾರಲ್ಲ, ಅದನ್ನ ಪರೀಕ್ಷೆಗೆ ಓದಿ ಮರ್ತಿರ್ತೀವಿ, ಅದಿರಲಿ. ಅದರಲ್ಲಿ ಭಾರ ಹೊರೋದು ವ್ಯಾಪ್ತಿ, ಅಂದ್ರೆ ಹೊಗೆ ಇದ್ದಲ್ಲೆಲ್ಲಾ ಬೆಂಕಿ ಇದ್ದೇ ಇರತ್ತೆ ಅನ್ನೋ ಕೊಂಡಿ. ಅದನ್ನ ಅವರು ಎರಡೂ ಕಡೆಯಿಂದ ನೋಡ್ತಾರೆ. ಅಡುಗೆಮನೆ, ಅಲ್ಲಿ ಹೊಗೆನೂ ಇದೆ ಬೆಂಕಿನೂ ಇದೆ. ಮಡು, ಅಲ್ಲಿ ಬೆಂಕಿನೂ ಇಲ್ಲ ಹೊಗೆನೂ ಇಲ್ಲ. ಇದನ್ನೇ ತಿರುಗಿಸಿ ಬೆಂಕಿ ಇದ್ದಲ್ಲೆಲ್ಲಾ ಹೊಗೆ ಅನ್ನೋಕೆ ಹೋದ್ರೆ ಕಾದ ಕಬ್ಬಿಣದ ಗುಂಡು ತಂದು ಮುಂದೆ ಇಡ್ತಾರೆ, ಬೆಂಕಿ ಇದೆ, ಹೊಗೆ ಎಲ್ಲಿ? ಹೊಗೆಗೆ ಹಸಿ ಸೌದೆನೂ ಬೇಕು. ಹೀಗೆ ಮರೆಯಲ್ಲಿ ನಿಂತಿರೋ ಷರತ್ತಿಗೆ ಉಪಾಧಿ ಅಂತಾರೆ.

ನೀವು ಕೊಟ್ಟಿದ್ದು ಅಡುಗೆಮನೆ ಮಾತ್ರ. ಮಡು ಎಲ್ಲಿ ಮೇಡಂ? ಮೀಟಿಂಗ್ ಇಲ್ಲದ ಟೀಮುಗಳು ಆ ತಿಂಗಳಲ್ಲಿ ಹೇಗಿದ್ವು? ಅವರ ಕೆಲಸನೂ ಟೈಮಿಗೆ ಮುಗಿದಿದ್ರೆ ನಿಮ್ಮ ಹೇತು, ಅಂದ್ರೆ ನೀವು ಕೊಟ್ಟ ಕಾರಣ, ಅಲ್ಲೇ ಬಿತ್ತು. ಉಪಾಧಿ ಏನಿತ್ತು? ನಿಮ್ಮ ಪತ್ರದಲ್ಲೇ, ಬೇರೆ ಯಾವುದೋ ಮಾತಿನ ಮಧ್ಯೆ, ಅದೇ ತಿಂಗಳು ಇಬ್ಬರು ಹೊಸಬರು ಸೇರಿದ್ರು ಅಂತ ಬರೆದಿದೀರಿ!

ಇದನ್ನ ಬಹಳ ಚೆನ್ನಾಗಿ ಮಾಡಿ ತೋರಿಸಿದೋರು ಜಾನ್ ಸ್ನೋ ಅನ್ನೋ ಡಾಕ್ಟರು. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದು ಹತ್ತೇ ದಿನದಲ್ಲಿ ಐನೂರಕ್ಕೂ ಹೆಚ್ಚು ಜನ ಹೋದ್ರು. ಕೆಟ್ಟ ಗಾಳಿಯಿಂದ ರೋಗ ಬರತ್ತೆ ಅಂತ ಆಗ ದೊಡ್ಡ ದೊಡ್ಡೋರೆಲ್ಲಾ ನಂಬಿದ್ದ ಕಾಲ, ಸ್ನೋ ಮಾತ್ರ ಬ್ರಾಡ್ ಸ್ಟ್ರೀಟಿನ ಪಂಪಿನ ನೀರು ಕಾರಣ ಅಂದ್ರು. ಸತ್ತೋರ ಮನೆಗಳು ಪಂಪಿನ ಸುತ್ತಲೇ ಇದ್ವು ಅನ್ನೋದು ಅವರ ಅಡುಗೆಮನೆ, ಆದ್ರೆ ಅಷ್ಟರಿಂದ ಏನೂ ಸಾಬೀತಾಗಲ್ಲ, ಯಾಕಂದ್ರೆ ಅಲ್ಲಿನ ಗಾಳಿ ಕೆಟ್ಟಿದ್ರೂ ಸಾವು ಅಲ್ಲೇ ಸುತ್ತಮುತ್ತ ಆಗ್ತಿತ್ತು. ಹಾಗಾಗಿ ಸ್ನೋ ಲೆಕ್ಕಕ್ಕೆ ಹೊಂದದೇ ಇರೋರನ್ನ ಹುಡುಕ್ತಾ ಹೋದ್ರು. ಹತ್ತಿರದಲ್ಲೇ 535 ಜನ ಇದ್ದ ಒಂದು ವರ್ಕ್‌ಹೌಸ್, ಅಂದ್ರೆ ಗತಿಯಿಲ್ಲದ ಬಡವರನ್ನ ಇಟ್ಟು ಕೆಲಸ ಮಾಡಿಸ್ತಿದ್ದ ಜಾಗ, ಅಲ್ಲಿ ಕಾಲರಾಗೆ ಸತ್ತಿದ್ದು ಐದೇ ಜನ, ವಿಚಾರಿಸಿದ್ರೆ ಅವರಿಗೆ ಸ್ವಂತ ಬಾವಿ ಇತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಎಪ್ಪತ್ತು ಚಿಲ್ಲರೆ ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ, ಅವರು ಬೀದಿ ಪಂಪಿನ ನೀರೇ ಕುಡೀತಿರಲಿಲ್ಲ. ಇವು ಮಡುಗಳು. ಇನ್ನು ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಸತ್ರು, ಅಲ್ಲಿ ಬೇರೆ ಯಾರಿಗೂ ಕಾಲರಾ ಇಲ್ಲ. ಆಯಮ್ಮನಿಗೆ ಬ್ರಾಡ್ ಸ್ಟ್ರೀಟ್ ನೀರಿನ ರುಚಿ ಇಷ್ಟ ಅಂತ ದಿನಾ ಗಾಡಿಯಲ್ಲಿ ಬಾಟಲಿ ತುಂಬಿಸಿ ತರಿಸ್ಕೋತಿದ್ರಂತೆ. ಗಾಳಿ ವಾದಕ್ಕೆ ಈ ಒಂದು ಸಾವಿಗೆ ಉತ್ತರ ಕೊಡೋದು ಎಷ್ಟು ಕಷ್ಟ ನೋಡಿ.

ನಿಮಗೆ ಬೇಕಾದ ಭಾಗ ಇನ್ನೂ ಮುಂದಿದೆ. ಸೆಪ್ಟೆಂಬರ್ 8ಕ್ಕೆ ಪಂಪಿನ ಹಿಡಿ ಕಿತ್ರು, ಕಾಲರಾ ನಿಂತಿತು. ಕಥೆ ಹೇಳೋರು ಇಲ್ಲಿ ಚಪ್ಪಾಳೆ ಹೊಡೆಸ್ತಾರೆ. ಸ್ನೋ ಹೊಡೆಸ್ಕೊಳ್ಳಲಿಲ್ಲ. ಹಿಡಿ ಕೀಳೋಕೆ ಮುಂಚೆನೇ ಸಾವು ಇಳಿಮುಖ ಆಗಿತ್ತು, ಜನ ಊರು ಬಿಟ್ಟು ಓಡಿಹೋಗಿದ್ರು, ಹಾಗಾಗಿ ಹಿಡಿ ಕಿತ್ತಿದ್ದಕ್ಕೇ ನಿಂತಿತು ಅಂತ ಹೇಳೋಕಾಗಲ್ಲ ಅಂತ ಅವರೇ ಬರೆದಿಟ್ರು. ಕೈಗೆ ಬಂದ ಸುಲಭದ ಸಾಕ್ಷಿ, ಅದೂ ತನ್ನ ಪರವಾಗೇ ಇದ್ದದ್ದು, ಬೇಡ ಅಂದ್ರು. "ಮೀಟಿಂಗ್ ಶುರು ಮಾಡಿದ ಮೇಲೆ ಕೆಲಸ ಮುಗೀತು" ಅನ್ನೋ ನಿಮ್ಮ ವಾದ ಇದೆಯಲ್ಲ, ಅದು ಇದೇ ಪಂಪಿನ ಹಿಡಿ.

ಇನ್ನೊಂದು, ನನಗೆ ಸ್ನೋಗಿಂತ ಇಷ್ಟ ಆಗೋದು ಅದೇ ಏರಿಯಾದ ಪಾದ್ರಿ ಹೆನ್ರಿ ವೈಟ್‌ಹೆಡ್. ಸ್ನೋ ಹೇಳಿದ್ದು ತಪ್ಪು ಅಂತ ತೋರಿಸೋಕೇ ಮನೆಮನೆ ಸುತ್ತಿ ವಿಚಾರಿಸಿದೋರು, ಸುತ್ತಿದ ಮೇಲೆ ಮನಸ್ಸು ಬದಲಾಯಿಸಿದ್ರು, ಪಂಪಿನ ಪಕ್ಕದ ಮನೆಯ ಮಗುವಿನಿಂದ ಶುರುವಾಗಿರಬಹುದು ಅನ್ನೋ ಸುಳಿವು ಸಿಕ್ಕಿದ್ದೂ ಅವರಿಗೇ. ನಿಮ್ಮ ಸಹೋದ್ಯೋಗಿ ಇಂಥ ಮನುಷ್ಯ ಆಗಿರೋಕೂ ಸಾಕು, ಬಾಯಿ ಮುಚ್ಚಿಸಿದ್ರೆ ಅದು ಗೊತ್ತಾಗೋದು ಹೇಗೆ?

ಹಾಗಂತ ನಿಮ್ಮ ಮೀಟಿಂಗ್ ದಂಡ ಅಂತಾನೂ ನಾನು ಹೇಳ್ತಿಲ್ಲ. ವಾದ ಸೋತ ಮಾತ್ರಕ್ಕೆ ತೀರ್ಮಾನ ಸುಳ್ಳಾಗಲ್ಲ, ಸಾಬೀತಾಗಿಲ್ಲ ಅಷ್ಟೇ. ಪಟ್ಟಿ ಬಾಯಿಪಾಠ ಮಾಡಿದೋರು ಹೆಚ್ಚಾಗಿ ಜಾರೋದು ಇಲ್ಲೇ, ಎದುರಿನೋರ ವಾದದಲ್ಲಿ ದೋಷ ಸಿಕ್ಕಿದ ಕೂಡ್ಲೇ ತಾವೇ ಸರಿ ಅಂದ್ಕೋತಾರೆ. ಪಟ್ಟಿನ ಮೊದಲು ನಮ್ಮ ಮೇಲೆ ಓಡಿಸ್ಬೇಕು, ಆಗ ಬಹಳ ಉಪಯೋಗ ಇದೆ.

ವಾದ ಬಿಟ್ಬಿಡ್ಲಾ ಅಂದ್ರಲ್ಲ, ಅದಕ್ಕೆ ಮುಂಚೆ ಅವರನ್ನ ಒಂದು ಮಾತು ಕೇಳಿ: "ಏನು ತೋರಿಸಿದ್ರೆ ನೀವು ಒಪ್ತೀರಿ?" ಮೀಟಿಂಗ್ ಇರೋ ಟೀಮು, ಇಲ್ಲದ ಟೀಮು, ಎರಡರದ್ದೂ ಮೂರು ತಿಂಗಳ ಲೆಕ್ಕ ತೋರಿಸಿ ಅಂದ್ರೆ ನೀವಿಬ್ಬರೂ ಸೇರಿ ಕೂತು ಲೆಕ್ಕ ಹಾಕಿ, ಯಾವುದನ್ನ ತಡ ಅಂತ ಹಿಡಿಯೋದು ಅನ್ನೋದನ್ನ ಲೆಕ್ಕ ನೋಡೋಕೆ ಮುಂಚೆನೇ ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ಆಮೇಲೆ ಬದಲಾಯಿಸೋ ಆಸೆ ಇಬ್ಬರಿಗೂ ಬರತ್ತೆ. ಏನು ತೋರಿಸಿದ್ರೂ ಒಪ್ಪಲ್ಲ ಅಂದ್ರೆ ಅದು ವಾದ ಅಲ್ಲ, ಗೆಲ್ಲೋಕೆ ಮಾಡೋ ಜಲ್ಪ, ಆರಾಮಾಗಿ ಎದ್ದು ಬನ್ನಿ. ಆದ್ರೆ ಇದೇ ಪ್ರಶ್ನೆಗೆ ನಿಮ್ಮ ಉತ್ತರನೂ ರೆಡಿ ಇರ್ಲಿ, ಅವರು ತಿರುಗಿಸಿ ಕೇಳೇ ಕೇಳ್ತಾರೆ. ಲೆಕ್ಕ ಸಿಕ್ಕಿದ್ರೆ ಬರೀರಿ, ನಿಮ್ಮ ಪರ ಬಂದ್ರೂ ವಿರುದ್ಧ ಬಂದ್ರೂ ಹಾಕ್ತೀವಿ.