ಎಷ್ಟು ಲಕ್ಷಣಗಳು ಹೊಂದಿದರೆ ಎರಡು ಜೀವಿಗಳು ಹತ್ತಿರದ ಬಂಧುಗಳು?

ಹಲ್ಲಿ, ಮೊಸಳೆ, ಪಾರಿವಾಳಗಳ ಪಟ್ಟಿ ಕೊಟ್ಟು, ಬಂಧುತ್ವಕ್ಕೆ ಕನಿಷ್ಠ ಎಷ್ಟು ಲಕ್ಷಣಗಳು ಹೊಂದಬೇಕು, ದೇಹರಚನೆಯನ್ನು ನಂಬಬೇಕೋ ಡಿಎನ್‌ಎಯನ್ನೋ ಎಂದು ಕೇಳಿದ್ದೀರಿ. ಎಂ.ಎಸ್ಸಿ. ಓದುವಾಗ ನಾನೂ ಇದೇ ಲೆಕ್ಕದ ಹಿಂದೆ ಬಿದ್ದು ಒಂದು ಇಡೀ ಮಳೆಗಾಲದ ಕೆಲಸವನ್ನು ಕಳೆದುಕೊಂಡೆ.

ಮಲೆನಾಡಿನ 7 ಜಾತಿಯ ಕಪ್ಪೆಗಳ ವಂಶವೃಕ್ಷವನ್ನು ರಚಿಸುವುದು ನನ್ನ ಕಿರುಪ್ರಬಂಧದ ವಿಷಯವಾಗಿತ್ತು. ನೀರಿನ ಮೇಲೆ ಬಾಗಿದ ಕೊಂಬೆಗೆ ನೊರೆಗೂಡು ಕಟ್ಟುವ ಮಲಬಾರ್ ಹಾರುಗಪ್ಪೆ, ತೊರೆಯಂಚಿನ ಹೊಂಬೆನ್ನಿನ ಕಪ್ಪೆ, ಗದ್ದೆಗಪ್ಪೆ ಎಲ್ಲವೂ ಅದರಲ್ಲಿದ್ದವು. ಬಣ್ಣ ಹಾಕಿ ಪಾರದರ್ಶಕಗೊಳಿಸಿದ ಹಳೆಯ ಮಾದರಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಮೂಳೆ ಕೆಂಪಾಗಿಯೂ ಮೃದ್ವಸ್ಥಿ ನೀಲಿಯಾಗಿಯೂ ಕಾಣುತ್ತಿತ್ತು. ಹಾರುಗಪ್ಪೆಯ ಬೆರಳಿನಲ್ಲಿ ತುದಿಯ ಮೂಳೆಗೂ ಅದರ ಹಿಂದಿನ ಮೂಳೆಗೂ ನಡುವೆ ಪ್ರತ್ಯೇಕವಾದ ಒಂದು ನೀಲಿ ತುಣುಕಿತ್ತು. ಹೊಂಬೆನ್ನಿನ ಕಪ್ಪೆಯಲ್ಲಿ ಅದಿರಲಿಲ್ಲ, ಗದ್ದೆಗಪ್ಪೆಯಲ್ಲೂ ಇರಲಿಲ್ಲ. ಕೋಷ್ಟಕದಲ್ಲಿ ಎರಡರ ಮುಂದೆಯೂ ‘ಇಲ್ಲ’ ಎಂದು ಬರೆದೆ. ಹೀಗೆ 20 ಲಕ್ಷಣಗಳಲ್ಲಿ 14 ಎರಡರಲ್ಲೂ ಒಂದೇ ಆಗಿದ್ದರಿಂದ ಅವೆರಡನ್ನೂ ಒಂದೇ ಕವಲಿಗೆ ಸೇರಿಸಿದೆ.

ನನ್ನ ತಪ್ಪು ಇರುವುದು ಆ ‘ಇಲ್ಲ’ದಲ್ಲಿ. ಮಾರ್ಗದರ್ಶಕರು ಕೋಷ್ಟಕವನ್ನು ನೋಡಿ, “ಅಂಗಳದ ನೆಲಗಪ್ಪೆಯಲ್ಲಿ ಆ ತುಣುಕು ಇದೆಯೇನಪ್ಪ?” ಎಂದು ಮಾತ್ರ ಕೇಳಿದರು. ಇಲ್ಲ. ಈ ಗುಂಪಿನ ಹೊರಗಿರುವ ನೆಲಗಪ್ಪೆಯಲ್ಲೂ ಅದು ಇಲ್ಲವೆಂದರೆ, ಇಲ್ಲದಿರುವುದೇ ಎಲ್ಲರ ಪೂರ್ವಜನಿಂದ ಬಂದ ಹಳೆಯ ಸ್ಥಿತಿ. ಹಳೆಯದನ್ನು ಬದಲಿಸದೆ ಉಳಿಸಿಕೊಂಡ ಇಬ್ಬರು ಅಷ್ಟರಿಂದಲೇ ಒಡಹುಟ್ಟಿದವರಾಗುವುದಿಲ್ಲ. ಹೊಸದಾಗಿ ಹುಟ್ಟಿದ ಲಕ್ಷಣವನ್ನು ಹಂಚಿಕೊಂಡವರು ಮಾತ್ರ ಒಂದು ಕವಲಿಗೆ ಸೇರಬೇಕೆಂದು ಜರ್ಮನ್ ಕೀಟಶಾಸ್ತ್ರಜ್ಞ ವಿಲ್ಲಿ ಹೆನ್ನಿಗ್ 1950ರಷ್ಟು ಹಿಂದೆಯೇ ವಾದಿಸಿದ್ದರು. ನನ್ನ 14 ಹೋಲಿಕೆಗಳಲ್ಲಿ ಹೆಚ್ಚಿನವು ಇಂಥ ಹಳೆಯ ಆಸ್ತಿಯೇ ಆಗಿದ್ದವು. ಡಿಎನ್‌ಎ ಆಧಾರಿತ ವಂಶವೃಕ್ಷಗಳಲ್ಲಿ ಹೊಂಬೆನ್ನಿನ ಕಪ್ಪೆಯ ಕುಟುಂಬವು ಗದ್ದೆಗಪ್ಪೆಗಿಂತ ಹಾರುಗಪ್ಪೆಗೇ ಹತ್ತಿರ ನಿಲ್ಲುತ್ತದೆ. ಪ್ರಬಂಧವನ್ನು ಮೊದಲಿನಿಂದ ಬರೆಯಬೇಕಾಯಿತು, ಪದವಿ ಆರು ತಿಂಗಳು ತಡವಾಯಿತು.

ಆದ್ದರಿಂದ ‘ಎಷ್ಟು’ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಡಿಎನ್‌ಎ ಹೆಚ್ಚು ಮಾಹಿತಿ ಕೊಡುತ್ತದೆ, ನಿಜ. ಆದರೆ ಅಲ್ಲಿಯೂ ಡಿಎನ್‌ಎ ಸರಣಿಯಲ್ಲಿ ಬದಲಾಗದೆ ಉಳಿದ ಎ, ಟಿ, ಜಿ, ಸಿ ಅಕ್ಷರಗಳ ಹೋಲಿಕೆ ಹಳೆಯ ಆಸ್ತಿಯೇ, ಅದನ್ನು ಎಣಿಸಿ ಬಂಧುತ್ವ ಹೇಳಲು ಹೊರಟರೆ ನನಗಾದದ್ದೇ ನಿಮಗೂ ಆಗುತ್ತದೆ.

ನಿಮ್ಮ ಪಟ್ಟಿಗೆ ಮೊದಲು ಒಂದು ಹೊರಗುಂಪನ್ನು, ಅಂದರೆ ನನ್ನ ನೆಲಗಪ್ಪೆಯಂತೆ ಗುಂಪಿನ ಹೊರಗಿರುವ ಜೀವಿಯನ್ನು ಸೇರಿಸಿ, ಕಪ್ಪೆ ಸಾಕು. ಹಲ್ಲಿಯೂ ಮೊಸಳೆಯೂ ಹಂಚಿಕೊಂಡ ನಾಲ್ಕು ಕಾಲಿನ ನಡಿಗೆ, ಶೀತರಕ್ತ ಎರಡೂ ಕಪ್ಪೆಯಲ್ಲಿವೆ, ಹಾಗಾಗಿ ಅವನ್ನು ಎಣಿಕೆಯಿಂದ ಬಿಡಿ. ನಾಲ್ಕು ಕೋಣೆಗಳ ಹೃದಯ ಕಪ್ಪೆಯಲ್ಲೂ ಹಲ್ಲಿಯಲ್ಲೂ ಇಲ್ಲ, ಮೊಸಳೆಯಲ್ಲೂ ಪಾರಿವಾಳದಲ್ಲೂ ಇದೆ, ಅಂದರೆ ಈ ಹೊಸ ಲಕ್ಷಣ ಮೊಸಳೆಯನ್ನು ಹಲ್ಲಿಗಿಂತ ಪಾರಿವಾಳಕ್ಕೇ ಹತ್ತಿರ ಸೇರಿಸುತ್ತದೆ. ಹೊರಗುಂಪಾಗಿ ಆಮೆಯನ್ನು ಮಾತ್ರ ಆರಿಸಬೇಡಿ: ಡಿಎನ್‌ಎ ಅಧ್ಯಯನಗಳು ಅದನ್ನು ಮೊಸಳೆ ಮತ್ತು ಹಕ್ಕಿಗಳ ಕವಲಿನ ಪಕ್ಕದಲ್ಲೇ ಇಡುತ್ತವೆ, ಅಂದರೆ ಅದು ನಿಮ್ಮ ಗುಂಪಿನ ಒಳಗಿನದೇ.